ಭೀಮೆಯ ದಂಡೆಯ ಮನೆಗೆ ವಿಮೆ: ಯಾವುದಕ್ಕೆ ಹಣ ಸಿಗುತ್ತದೆ, ಯಾವುದಕ್ಕೆ ಇಲ್ಲ

ನಿಮ್ಮ ಬ್ಯಾಂಕ್ ಪಾಸ್‌ಬುಕ್ ತೆಗೆದು ನೋಡಿ. ಮೇ ಕೊನೆಗೋ ಜೂನ್ ಮೊದಲಿಗೋ 20 ರೂಪಾಯಿ ಒಂದು ಸಲ, 436 ರೂಪಾಯಿ ಇನ್ನೊಂದು ಸಲ ಕಡಿತವಾಗಿರಬಹುದು. 20 ರೂಪಾಯಿಯದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ಅದು ಅಪಘಾತಕ್ಕೆ. 436 ರೂಪಾಯಿಯದು ಜೀವನ ಜ್ಯೋತಿ. ಅದು ಜೀವಕ್ಕೆ. ಹೊಲದ ತೊಗರಿಗೆ ಬೆಳೆ ವಿಮೆ ಕಟ್ಟಿರುತ್ತೀರಿ, ಬೈಕಿಗೆ ಇನ್ಶೂರೆನ್ಸ್ ಇದ್ದೇ ಇರುತ್ತದೆ. ಈ ನಾಲ್ಕರಲ್ಲಿ ಯಾವುದೂ ನಿಮ್ಮ ಮನೆಯ ಗೋಡೆಗೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ‘ಬ್ಯಾಂಕಿನವರು ವಿಮೆ ಹಿಡಿದಿದ್ದಾರಲ್ಲ’ ಎಂದು ನೆಮ್ಮದಿಯಿಂದ ಇರುವವರು ಗಾಣಗಾಪುರದಲ್ಲೂ ಇದ್ದಾರೆ, ಸುತ್ತಲಿನ ಹಳ್ಳಿಗಳಲ್ಲೂ ಇದ್ದಾರೆ. ಅವರಿಗಾಗಿಯೇ ಈ ಮಾತು.

ಮನೆಗೆಂದೇ ಇರುವ ವಿಮೆಯ ಹೆಸರು ‘ಭಾರತ್ ಗೃಹ ರಕ್ಷಾ’. ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ ಐಆರ್‌ಡಿಎಐ ಇದನ್ನು ರೂಪಿಸಿ, 2021ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಬೆಂಕಿ ವಿಮೆ ಮಾರುವ ಎಲ್ಲ ಕಂಪನಿಗಳೂ ಇದನ್ನು ಕೊಡಲೇಬೇಕು. ಯಾವ ಕಂಪನಿಯಲ್ಲಿ ತೆಗೆದುಕೊಂಡರೂ ಮೂಲ ಷರತ್ತುಗಳು ಒಂದೇ. ಹಾಗಾಗಿ ಕಚೇರಿಗೆ ಹೋದಾಗ ‘ಮನೆ ವಿಮೆ ಬೇಕು’ ಎನ್ನುವ ಬದಲು ಈ ಹೆಸರನ್ನೇ ಹೇಳಿ ಕೇಳಿ. ಏಜೆಂಟರು ಬೇರೇನೋ ತೋರಿಸಿದರೆ, ಇದಕ್ಕಿಂತ ಅದರಲ್ಲಿ ಹೆಚ್ಚೇನಿದೆ ಎಂದು ಕೇಳಲು ಆಗ ನಿಮಗೆ ಒಂದು ಅಳತೆ ಸಿಗುತ್ತದೆ.

ನಮ್ಮ ಭಾಗಕ್ಕೆ ಇದು ಏಕೆ ಬೇಕು? ಗಾಣಗಾಪುರ ಇರುವುದೇ ಭೀಮಾ ಮತ್ತು ಅಮರ್ಜಾ ಕೂಡುವಲ್ಲಿ. ಇಲ್ಲಿ ಹನಿ ಮಳೆ ಬೀಳದಿದ್ದರೂ ಮಹಾರಾಷ್ಟ್ರದಲ್ಲಿ ಉಜನಿ ಜಲಾಶಯದ ಗೇಟು ತೆರೆದರೆ ಸೊನ್ನ ಬ್ಯಾರೇಜು ತುಂಬಿ, ನೀರು ದಂಡೆ ಮೀರುತ್ತದೆ. 2020ರ ಅಕ್ಟೋಬರಿನಲ್ಲಿ ಹಾಗಾಯಿತು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಮತ್ತೆ ಆಯಿತು. ಅಫಜಲಪುರ, ಜೇವರ್ಗಿ ತಾಲೂಕುಗಳ ನದಿ ಪಾತ್ರದ ಊರುಗಳಿಗೆ ಇದನ್ನು ಯಾರೂ ಹೊಸದಾಗಿ ಹೇಳಬೇಕಿಲ್ಲ. ಭೂಕಂಪವೂ ದೂರದ ಮಾತಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ನಡುಗಿದಾಗ ಆಳಂದ ಭಾಗದ ಹಿರಿಯರು ಮನೆಯಿಂದ ಹೊರಗೋಡಿದ್ದನ್ನು ಇಂದಿಗೂ ಹೇಳುತ್ತಾರೆ. ಅಂದು ಅಲ್ಲಿ ಹೆಚ್ಚಿನ ಜೀವ ತೆಗೆದದ್ದು ಕಲ್ಲು ಮಣ್ಣಿನ ದಪ್ಪ ಗೋಡೆ ಮತ್ತು ಭಾರದ ಮಾಳಿಗೆ. 2021ರಲ್ಲಿ ನಮ್ಮದೇ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ ಜನ ರಾತ್ರಿಗಳನ್ನು ಹೊರಗೆ ಕಳೆದರು.

‘ಸರ್ಕಾರ ಪರಿಹಾರ ಕೊಡುತ್ತದಲ್ಲ’ ಎನ್ನಬಹುದು. ಕೊಡುತ್ತದೆ, ಅದನ್ನು ಬಿಡಲೂಬಾರದು. ಆದರೆ ಮೊತ್ತ ತಿಳಿದಿರಲಿ. ವಿಪತ್ತು ಪರಿಹಾರ ನಿಧಿಯ 2022ರಿಂದ 2026ರವರೆಗಿನ ಮಾರ್ಗಸೂಚಿಯ ಪ್ರಕಾರ ಬಯಲು ಸೀಮೆಯಲ್ಲಿ ಪಕ್ಕಾ ಮನೆ ಪೂರ್ತಿ ಬಿದ್ದರೆ 1,20,000 ರೂಪಾಯಿ. ಪಕ್ಕಾ ಮನೆಗೆ ಕನಿಷ್ಠ ಶೇ 15ರಷ್ಟು ಭಾಗಶಃ ಹಾನಿಯಾದರೆ 6,500 ರೂಪಾಯಿ. ಬಟ್ಟೆಗೆ 2,500, ಪಾತ್ರೆ ಪಗಡಿಗೆ 2,500. ರಾಜ್ಯ ಸರ್ಕಾರ ಕೆಲವು ವರ್ಷ ಇದರ ಮೇಲೆ ತನ್ನದನ್ನೂ ಸೇರಿಸಿದೆ. ಅದು ಆಯಾ ವರ್ಷದ ಆದೇಶದ ಮೇಲೆ ನಿಂತ ವಿಷಯ. 6,500 ರೂಪಾಯಿಗೆ ಒಂದು ಕೋಣೆಯ ಫರ್ಶಿ ಕಿತ್ತು ಹಾಕುವುದೂ ಇಂದು ಕಷ್ಟ. ಪರಿಹಾರಕ್ಕೂ ಮನೆ ಕಟ್ಟುವ ಖರ್ಚಿಗೂ ನಡುವೆ ಉಳಿಯುವ ದೊಡ್ಡ ಕಂದಕವನ್ನು ತುಂಬುವುದೇ ವಿಮೆಯ ಕೆಲಸ.

ಈಗ ಒಳಗಿನ ವಿಷಯಕ್ಕೆ ಬರೋಣ. ಈ ಪಾಲಿಸಿ ಹಾನಿಯನ್ನಷ್ಟೇ ನೋಡುವುದಿಲ್ಲ, ಹಾನಿಯ ಕಾರಣವನ್ನು ನೋಡುತ್ತದೆ. ಪಾಲಿಸಿಯಲ್ಲಿ ಕಾರಣಗಳ ಪಟ್ಟಿ ಇದೆ. ಬೆಂಕಿ, ಸಿಲಿಂಡರ್ ಸಿಡಿತದಂಥ ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ ಮತ್ತು ನೀರು ನುಗ್ಗುವುದು, ನೆಲ ಕುಸಿತ, ಗಲಭೆ, ಭಯೋತ್ಪಾದನೆ, ಮನೆಯ ನೀರಿನ ಟ್ಯಾಂಕು ಅಥವಾ ಪೈಪು ಒಡೆಯುವುದು ಇದರಲ್ಲಿ ಬರುತ್ತವೆ. ಹೊರಗಿನ ವಸ್ತು ಬಂದು ಬಡಿಯುವುದೂ ಇದೆ. ಕಬ್ಬಿನ ಟ್ರ್ಯಾಕ್ಟರ್ ತಿರುವಿನಲ್ಲಿ ನಿಮ್ಮ ಮೂಲೆ ಗೋಡೆಗೆ ಗುದ್ದಿದರೆ, ಬೇವಿನ ಮರ ಮುರಿದು ಪತ್ರಾಸಿನ ಮೇಲೆ ಬಿದ್ದರೆ ಅದು ಈ ಲೆಕ್ಕಕ್ಕೆ ಸೇರುತ್ತದೆ. ಹಿತ್ತಲಿನ ಕಣಕಿ ಬಣವಿಗೆ ಹತ್ತಿದ ಬೆಂಕಿ ಮನೆಗೆ ತಗುಲಿದರೆ ಮನೆಯ ಹಾನಿಗೆ ಹಣ ಉಂಟು. ಬಣವಿಗಾಗಲಿ ದನಗಳಿಗಾಗಲಿ ಇಲ್ಲ. ಜಾನುವಾರಿಗೆ ಪ್ರತ್ಯೇಕ ವಿಮೆ ಇದೆ.

‘ಮನೆ’ ಎಂದರೆ ನಾಲ್ಕು ಗೋಡೆ ಮಾತ್ರವಲ್ಲ. ಕಾಂಪೌಂಡ್ ಗೋಡೆ, ಗೇಟು, ವಾಹನ ನಿಲ್ಲಿಸುವ ಜಾಗ, ಶೌಚಗುಂಡಿ, ಮೇಲಿನ ಸೋಲಾರ್ ಫಲಕ ಎಲ್ಲವೂ ಸೇರುತ್ತವೆ. ಆದರೆ ನೆಲದ ಬೆಲೆ ಸೇರುವುದಿಲ್ಲ. ಗುಡಿಯ ಹತ್ತಿರ ನಿಮ್ಮ ಜಾಗಕ್ಕೆ ಎಷ್ಟೇ ಬೆಲೆ ಇರಲಿ, ನೆರೆ ಅದನ್ನು ಒಯ್ಯುವುದಿಲ್ಲವಾದ್ದರಿಂದ ಅದಕ್ಕೆ ವಿಮೆಯೂ ಇಲ್ಲ. ಮನೆ ವಿಮೆ ತುಂಬಾ ದುಬಾರಿ ಎಂದುಕೊಂಡವರಲ್ಲಿ ಬಹಳ ಮಂದಿ ಜಾಗದ ಬೆಲೆಯನ್ನೂ ಸೇರಿಸಿಕೊಂಡು ಹೆದರಿರುತ್ತಾರೆ.

ಕಟ್ಟಡಕ್ಕೆ ವಿಮೆ ಮಾಡಿಸಿದರೆ ಒಳಗಿನ ಸಾಮಾನಿಗೆ ತಾನಾಗಿಯೇ ರಕ್ಷಣೆ ಬರುತ್ತದೆ. ಟಿವಿ, ಫ್ರಿಜ್ಜು, ಮಂಚ, ಪಾತ್ರೆ, ಬಟ್ಟೆಗಳ ಪಟ್ಟಿ ಕೊಡಬೇಕಿಲ್ಲ. ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿವರೆಗೆ ಇದು ಸಿಗುತ್ತದೆ. ಚಿನ್ನ ಬೆಳ್ಳಿ ಇದರಲ್ಲಿಲ್ಲ. ಅವನ್ನು ಹೆಚ್ಚುವರಿ ಕಂತು ಕಟ್ಟಿ ಬೇರೆಯಾಗಿ ಸೇರಿಸಬೇಕು. ಒಟ್ಟು ಮೊತ್ತ 5 ಲಕ್ಷ, ಒಂದೊಂದು ಒಡವೆ 1 ಲಕ್ಷ ರೂಪಾಯಿ ಮೀರದಿದ್ದರೆ ಬೆಲೆ ಕಟ್ಟುವವರ ಪ್ರಮಾಣಪತ್ರವೂ ಬೇಕಿಲ್ಲ. ನಗದು, ಮನೆಯ ಕಾಗದಪತ್ರ, ವಾಹನ ಇವುಗಳಿಗೂ ರಕ್ಷಣೆ ಇಲ್ಲ. ಮಾರಾಟಕ್ಕೆಂದು ಪಡಸಾಲೆಯಲ್ಲಿ ಒಟ್ಟಿದ ತೊಗರಿ ಚೀಲ ಮನೆ ಸಾಮಾನಲ್ಲ, ಅದನ್ನು ಈ ಲೆಕ್ಕದಲ್ಲಿ ನಂಬಬೇಡಿ.

ಬಾಡಿಗೆ ಮನೆಯಲ್ಲಿ ಇರುವವರು ಸಾಮಾನಿಗೆ ಮಾತ್ರ ಪಾಲಿಸಿ ತೆಗೆದುಕೊಳ್ಳಬಹುದು.

ಇಲ್ಲಿಯವರೆಗಿನದು ಸುಲಭ. ತಕರಾರು ಹುಟ್ಟುವುದು ಮುಂದಿನ ಕೆಲವು ಸಂಗತಿಗಳಲ್ಲಿ. ಅವನ್ನು ನಿಧಾನವಾಗಿ ಓದಿ.

ಮೊದಲನೆಯದು ಮಳೆ. ನಮ್ಮ ಕಡೆ ಮನೆ ಬೀಳುವುದು ಹೆಚ್ಚಾಗಿ ಹೇಗೆ? ಐದಾರು ದಿನ ಜಡಿಮಳೆ ಹಿಡಿಯುತ್ತದೆ, ಮಾಳಿಗೆ ಸೋರುತ್ತದೆ, ಮಣ್ಣಿನ ಗೋಡೆ ನೀರು ಕುಡಿದು ಒಂದು ರಾತ್ರಿ ಕುಸಿಯುತ್ತದೆ. ಪಾಲಿಸಿಯ ಕಾರಣಗಳ ಪಟ್ಟಿಯಲ್ಲಿ ಪ್ರವಾಹ ಇದೆ, ಬಿರುಗಾಳಿ ಇದೆ, ‘ಸೋರಿಕೆ’ ಇಲ್ಲ. ಹಳ್ಳದ ನೀರೋ ಓಣಿಯ ನೀರೋ ಒಳನುಗ್ಗಿ ಗೋಡೆ ಬಿದ್ದರೆ ನಿಮ್ಮ ಕೈ ಗಟ್ಟಿ. ವರ್ಷಗಟ್ಟಲೆ ರಿಪೇರಿಯಿಲ್ಲದ ಮಾಳಿಗೆ ನೆನೆದು ತಾನಾಗಿ ಕುಸಿದರೆ ಕಂಪನಿ ‘ಇದು ಸವಕಳಿ’ ಎನ್ನುವ ಸಾಧ್ಯತೆ ಹೆಚ್ಚು. ಆದ್ದರಿಂದ ನೀರು ಎಲ್ಲಿಂದ ಬಂತು, ಎಷ್ಟು ಎತ್ತರ ನಿಂತಿತ್ತು ಎಂಬುದಕ್ಕೆ ಫೋಟೊ ಇರಲಿ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪನ ಯಂತ್ರಗಳಿವೆ. ಆ ದಿನದ ಮಳೆಯ ಅಂಕಿ, ಗ್ರಾಮ ಆಡಳಿತ ಅಧಿಕಾರಿಯ ಪಂಚನಾಮೆ, ಇವೆರಡೂ ನಿಮ್ಮ ಪರವಾಗಿ ಮಾತನಾಡುತ್ತವೆ.

ಎರಡನೆಯದು ನಮ್ಮ ಎರೆ ಮಣ್ಣು. ಬೇಸಿಗೆಗೆ ಬಿರಿದು, ಮಳೆಗೆ ಉಬ್ಬುವ ಈ ನೆಲದ ಮೇಲೆ ಗೋಡೆ ಸೀಳು ಬಿಡುವುದು ಸಾಮಾನ್ಯ. ನೆಲ ಕುಸಿತಕ್ಕೆ ರಕ್ಷಣೆ ಇದ್ದರೂ, ಕಟ್ಟಡ ಕೂರುವಾಗಿನ ಮಾಮೂಲಿ ಬಿರುಕು, ತುಂಬಿದ ಮಣ್ಣು ಜರುಗುವುದು, ಕಟ್ಟಿದ ರೀತಿಯಲ್ಲೇ ಇರುವ ದೋಷ ಇವಕ್ಕೆ ಹಣ ಇಲ್ಲವೆಂದು ಪಾಲಿಸಿ ಸ್ಪಷ್ಟವಾಗಿ ಹೇಳುತ್ತದೆ. ಅದೇ ಸಾಲಿನಲ್ಲಿ ನದಿ ಕೊರೆತವೂ ಇದೆ. ಭೀಮೆ ಏರಿ ಬಂದು ಮನೆ ಮುಳುಗಿದರೆ ಅದು ಪ್ರವಾಹ. ವರ್ಷ ವರ್ಷ ದಂಡೆ ಕೊರೆದು ಕೊನೆಗೆ ನಿಮ್ಮ ಹಿತ್ತಲಿಗೆ ಬಂದರೆ ಅದು ಕೊರೆತ. ಮೊದಲನೆಯದಕ್ಕೆ ಹಣ ಉಂಟು, ಎರಡನೆಯದಕ್ಕೆ ಇಲ್ಲ.

ಮೂರನೆಯದು ಕಳ್ಳತನ. ದತ್ತ ಜಯಂತಿಯ ಜನಜಂಗುಳಿಯಲ್ಲಿ ಬೀಗ ಮುರಿದು ಕದ್ದರೆ ಈ ಪಾಲಿಸಿ ಕೊಡುವುದಿಲ್ಲ. ಅದಕ್ಕೆ ಬೇರೆ ಬರ್ಗ್ಲರಿ ಪಾಲಿಸಿ, ಅಂದರೆ ಕನ್ನಗಳ್ಳತನದ ವಿಮೆ ಬೇಕು. ಆದರೆ ಒಂದು ಒಳ್ಳೆಯ ವಿನಾಯಿತಿ ಇದೆ. ಪ್ರವಾಹದಂಥ ಅನಾಹುತ ಆಗಿ, ಅದರ ಕಾರಣದಿಂದಲೇ 7 ದಿನದೊಳಗೆ ಕಳವಾದರೆ ರಕ್ಷಣೆ ಸಿಗುತ್ತದೆ. ನೀರು ಬಂದಾಗ ಕಾಳಜಿ ಕೇಂದ್ರಕ್ಕೆ ಹೋಗುವವರಿಗೆ ಇದು ದೊಡ್ಡ ಆಸರೆ. ಆಗಲೂ ಪೊಲೀಸ್ ದೂರು ಕಡ್ಡಾಯ.

ಕರೆಂಟಿನ ವಿಷಯವೂ ಹೀಗೆಯೇ. ವೋಲ್ಟೇಜ್ ಏರಿ ಫ್ರಿಜ್ಜು ಸುಟ್ಟರೆ ಆ ಫ್ರಿಜ್ಜಿಗೆ ಹಣ ಇಲ್ಲ. ಅದರಿಂದ ಬೆಂಕಿ ಹಬ್ಬಿ ಬಾಗಿಲು, ಮಂಚ ಸುಟ್ಟರೆ ಅವಕ್ಕೆ ಉಂಟು. ಸಿಡಿಲಿನಿಂದ ವೋಲ್ಟೇಜ್ ಏರಿ ಸುಟ್ಟರೂ ಆ ಫ್ರಿಜ್ಜಿಗೆ ಇಲ್ಲ.

ಇನ್ನು ಗಾಣಗಾಪುರದವರು ಎಲ್ಲಕ್ಕಿಂತ ಮುಖ್ಯವಾಗಿ ತಿಳಿಯಬೇಕಾದದ್ದು. ನಿರ್ಗುಣ ಪಾದುಕೆಯ ದರ್ಶನಕ್ಕೆ, ಸಂಗಮದ ಸ್ನಾನಕ್ಕೆ, ವಾರಗಟ್ಟಲೆ ಅನುಷ್ಠಾನಕ್ಕೆ ಬರುವ ಭಕ್ತರಿಗೆ ಊರಿನ ಎಷ್ಟೋ ಮನೆಗಳು ಕೋಣೆ ಕೊಡುತ್ತವೆ. ಮುಂದಿನ ಕೋಣೆಯಲ್ಲಿ ಹೂವು, ಕಾಯಿ, ಕರ್ಪೂರದ ಅಂಗಡಿ ಇಟ್ಟವರೂ ಇದ್ದಾರೆ. ಭಾರತ್ ಗೃಹ ರಕ್ಷಾ ವಾಸದ ಮನೆಗೆ ಮಾತ್ರ. ನೀವೇ ಇರಬಹುದು, ಸಂಸಾರ ಹೂಡಿದ ಬಾಡಿಗೆದಾರರು ಇರಬಹುದು. ಆದರೆ ಮನೆಯನ್ನು ವಸತಿಗೃಹವಾಗಿ, ಅಂದರೆ ಲಾಡ್ಜಿಂಗ್‌ಗೆ ಬಳಸಿದರೆ ಅದಕ್ಕೆ ಈ ಪಾಲಿಸಿ ಅನ್ವಯಿಸುವುದಿಲ್ಲ. ಪುಣ್ಯಕ್ಕೆ ಉಳಿಸಿಕೊಂಡ ಅತಿಥಿ ಬೇರೆ, ರಾತ್ರಿಗಿಷ್ಟು ಎಂದು ಹಣ ಪಡೆದು ಕೋಣೆ ಕೊಡುವುದು ಬೇರೆ. ಇದನ್ನು ಮುಚ್ಚಿಟ್ಟು ಪಾಲಿಸಿ ತೆಗೆದುಕೊಂಡರೆ ಕಂತಿನ ರಸೀದಿ ಕೈಯಲ್ಲಿರುತ್ತದೆ, ಕಷ್ಟ ಬಂದ ದಿನ ಸರ್ವೇಯರ್ ಬಂದು ಕೋಣೆಗಳ ನಂಬರ್ ಎಣಿಸಿಕೊಂಡು ಹೋಗುತ್ತಾನೆ. ನಾನು ಅತ್ಯಂತ ಒತ್ತಿ ಹೇಳುವ ಮಾತು ಇದೇ. ಮನೆ ವಿಮೆ ಗಟ್ಟಿಯಾಗುವುದು ಅಥವಾ ಹುಸಿಯಾಗುವುದು ನೆರೆ ಬಂದ ದಿನವಲ್ಲ, ಅರ್ಜಿ ತುಂಬುವ ದಿನ.

ಹಾಗಾದರೆ ಕೋಣೆ ಕೊಡುವವರಿಗೆ ದಾರಿ ಇಲ್ಲವೇ? ಇದೆ. ಸಣ್ಣ ವ್ಯಾಪಾರದ ಕಟ್ಟಡ ಮತ್ತು ಸರಕಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪಾಲಿಸಿ ಅದೇ 2021ರ ಏಪ್ರಿಲ್‌ನಲ್ಲಿ ಬಂದಿದೆ. ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಗೆ ಅದು ಅನ್ವಯ. ನೀವಿರುವ ಭಾಗ ಯಾವುದು, ಭಕ್ತರಿಗೆ ಕೊಡುವ ಭಾಗ ಯಾವುದು, ಅಂಗಡಿ ಎಲ್ಲಿದೆ ಎಂದು ಬಿಡಿಸಿ ಬರೆದು ಕೊಡಿ. ಯಾವ ಭಾಗಕ್ಕೆ ಯಾವ ಪಾಲಿಸಿ ಎಂದು ಕಂಪನಿಯಿಂದಲೂ ಬರಹದಲ್ಲೇ ಉತ್ತರ ಪಡೆಯಿರಿ. ಬಾಯಿಮಾತು ಬೇಡ.

ಗೋಡೆ, ಚಾವಣಿಯ ವಿಷಯದಲ್ಲೂ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಹುಲ್ಲು, ಗರಿ, ಬಿದಿರು, ಮರದ ಹಲಗೆ, ತಾಡಪತ್ರಿಯಂಥವುಗಳಿಂದ ಮಾಡಿದ ಗೋಡೆ ಅಥವಾ ಚಾವಣಿ ಇದ್ದರೆ ಪಾಲಿಸಿ ಅದನ್ನು ಕಚ್ಚಾ ಕಟ್ಟಡ ಎನ್ನುತ್ತದೆ. ಉಳಿದದ್ದು ಪಕ್ಕಾ. ಹಳೆಯ ಮಾಳಿಗೆ ಮನೆಯವರು ಫೋಟೊ ಲಗತ್ತಿಸಿ ‘ಕಲ್ಲು ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ’ ಎಂದೇ ಬರೆಯಿರಿ.

ಎಷ್ಟು ಮೊತ್ತಕ್ಕೆ ಮಾಡಿಸಬೇಕು? ಲೆಕ್ಕ ಸರಳ. ಕಾರ್ಪೆಟ್ ಏರಿಯಾ, ಅಂದರೆ ಗೋಡೆಯ ದಪ್ಪ ಬಿಟ್ಟು ಒಳಗೆ ಬಳಸುವ ಜಾಗ, ಎಷ್ಟಿದೆ ನೋಡಿ. ಅದನ್ನು ಇವತ್ತು ಕಟ್ಟಿದರೆ ತಗಲುವ ದರದಿಂದ ಗುಣಿಸಿ. 900 ಚದರಡಿ ಇದ್ದು, ನಿಮ್ಮ ಗೌಂಡಿ ಚದರಡಿಗೆ 1,800 ರೂಪಾಯಿ ಹೇಳಿದ ಎನ್ನೋಣ. ವಿಮಾ ಮೊತ್ತ 16,20,000 ರೂಪಾಯಿ. ಒಳಗಿನ ಸಾಮಾನಿಗೆ ತಾನಾಗಿ ಬರುವ ರಕ್ಷಣೆ 3,24,000 ರೂಪಾಯಿ.

ಕಡಿಮೆ ಮೊತ್ತಕ್ಕೆ ಮಾಡಿಸಿದರೆ ಏನಾಗುತ್ತದೆ ಎಂಬ ಅನುಮಾನ ಬರುತ್ತದೆ. ಹಿಂದಿನ ಬೆಂಕಿ ಪಾಲಿಸಿಗಳಲ್ಲಿ ಅಂಡರ್ ಇನ್ಶೂರೆನ್ಸ್ ಎಂಬ ಕತ್ತರಿ ಇತ್ತು. 16 ಲಕ್ಷದ ಮನೆಗೆ 8 ಲಕ್ಷಕ್ಕೆ ಮಾಡಿಸಿ, 4 ಲಕ್ಷ ಹಾನಿಯಾದರೆ, ‘ನೀವು ಅರ್ಧಕ್ಕೆ ಮಾಡಿಸಿದ್ದೀರಿ’ ಎಂದು 2 ಲಕ್ಷವನ್ನಷ್ಟೇ ಕೊಡುತ್ತಿದ್ದರು. ಭಾರತ್ ಗೃಹ ರಕ್ಷಾದಲ್ಲಿ ಆ ಕತ್ತರಿ ಇಲ್ಲ. ಆ 4 ಲಕ್ಷ ಪೂರ್ತಿ ಸಿಗುತ್ತದೆ. ಆದರೂ ಮನೆ ನೆಲಸಮವಾದರೆ 8 ಲಕ್ಷದ ಮೇಲೆ ಒಂದು ಪೈಸೆಯೂ ಬರುವುದಿಲ್ಲ. ಕಂತು ಇಷ್ಟು ಕಡಿಮೆ ಇರುವಾಗ ಅಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಕಂತು ಎಷ್ಟು? ಕಂಪನಿಯಿಂದ ಕಂಪನಿಗೆ ದರ ಬೇರೆ. ಪಕ್ಕಾ ಮನೆಗೆ ಸಾಮಾನ್ಯವಾಗಿ ಸಾವಿರ ರೂಪಾಯಿ ರಕ್ಷಣೆಗೆ ವರ್ಷಕ್ಕೆ ಒಂದು ರೂಪಾಯಿಯೊಳಗೇ ಆಗುತ್ತದೆ. ಮೇಲಿನ ಮನೆಗೆ ವರ್ಷಕ್ಕೆ 1,620 ರೂಪಾಯಿಯೊಳಗೆ, ಅದರ ಮೇಲೆ ಶೇ 18 ಜಿಎಸ್‌ಟಿ. ಜೀವ ಮತ್ತು ಆರೋಗ್ಯ ವಿಮೆಗೆ 2025ರ ಸೆಪ್ಟೆಂಬರಿನಲ್ಲಿ ಸಿಕ್ಕ ತೆರಿಗೆ ವಿನಾಯಿತಿ ಮನೆ ವಿಮೆಗೆ ಇಲ್ಲ. ಒಂದೇ ಸಲ 10 ವರ್ಷದವರೆಗೂ ಮಾಡಿಸಬಹುದು. ಹಾಗೆ ಮಾಡಿದರೆ ಕಟ್ಟಡದ ವಿಮಾ ಮೊತ್ತ ಪ್ರತಿವರ್ಷ ಶೇ 10ರಂತೆ ತಾನಾಗಿ ಏರುತ್ತದೆ. ಸಿಮೆಂಟು, ಸಲಾಕೆಯ ಬೆಲೆ ಏರುವ ಕಾಲದಲ್ಲಿ ಇದು ನಿಜವಾದ ಲಾಭ.

ಎಲ್ಲಿ ಸಿಗುತ್ತದೆ? ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ನ್ಯಾಷನಲ್, ಓರಿಯಂಟಲ್ ಎಂಬ ನಾಲ್ಕು ಸರ್ಕಾರಿ ಕಂಪನಿಗಳಿವೆ. ಖಾಸಗಿ ಕಂಪನಿಗಳೂ ಬಹಳ ಇವೆ. ಕಲಬುರಗಿಗೆ ಸಂತೆಗೋ ಆಸ್ಪತ್ರೆಗೋ ಹೋದ ದಿನ ಎರಡು ಕಚೇರಿ ಸುತ್ತಿ ದರ ಕೇಳಿ. ನಿಮ್ಮ ಬ್ಯಾಂಕಿನಲ್ಲೂ ವಿಚಾರಿಸಿ, ಅದು ಯಾವುದಾದರೂ ಕಂಪನಿಯ ಪಾಲಿಸಿ ಮಾರುತ್ತಿರಬಹುದು. ಕಂಪನಿಗಳ ವೆಬ್‌ಸೈಟಿನಲ್ಲೂ ಸಿಗುತ್ತದೆ. ಮನೆ ಸಾಲ ಇದ್ದವರು ಮೊದಲು ಬ್ಯಾಂಕಿನಲ್ಲಿ ‘ನಮ್ಮ ಮನೆಗೆ ವಿಮೆ ಆಗಿದೆಯೇ’ ಎಂದು ಕೇಳಿ ಪಾಲಿಸಿಯ ನಕಲು ಪಡೆಯಿರಿ. ಕೆಲವೊಮ್ಮೆ ಅದು ಸಾಲದ ಮೊತ್ತಕ್ಕಷ್ಟೇ, ಕಟ್ಟಡಕ್ಕಷ್ಟೇ ಇರುತ್ತದೆ. ಸಾಲ ತೀರಿದ ಮೇಲೆ ಅದನ್ನು ಯಾರೂ ನವೀಕರಿಸಿರುವುದಿಲ್ಲ.

ಕಾಗದದಲ್ಲಿ ಒಂದು ತೊಡಕು ಬಹುತೇಕ ಮನೆಗಳಲ್ಲಿದೆ. ಪಂಚಾಯಿತಿ ಉತಾರದಲ್ಲಿ ಇನ್ನೂ ತೀರಿಹೋದ ತಂದೆಯ ಹೆಸರು, ಕೆಲವು ಕಡೆ ಅಜ್ಜನ ಹೆಸರು ಇರುತ್ತದೆ. ಮನೆಯ ಮೇಲೆ ಹಕ್ಕಿರುವವರ ಹೆಸರಿನಲ್ಲೇ ಪಾಲಿಸಿ ಇರಬೇಕು, ಹಣವೂ ಅವರಿಗೇ ಬರುತ್ತದೆ. ವಾರಸಾ ಆಧಾರದ ಮೇಲೆ ಹೆಸರು ಬದಲಿಸಿಕೊಂಡು, ಇ-ಸ್ವತ್ತು ಉತಾರ ತೆಗೆಸಿಟ್ಟುಕೊಳ್ಳಿ. ಅಣ್ಣತಮ್ಮಂದಿರ ಜಂಟಿ ಮನೆಯಾದರೆ ಎಲ್ಲರ ಹೆಸರನ್ನೂ ಹಾಕಿಸಿ. ನದಿ ಏರುವ ಸುದ್ದಿ ಬಂದ ಮೇಲೆ ಓಡಬೇಡಿ. ಕಂತು ಕಂಪನಿಯ ಕೈಸೇರದೆ ಹೊಣೆ ಶುರುವಾಗುವುದಿಲ್ಲ ಎಂಬುದು ವಿಮಾ ಕಾಯ್ದೆಯ ನಿಯಮ. ಮೇ ತಿಂಗಳೊಳಗೆ ಕೆಲಸ ಮುಗಿಸಿ.

ಇನ್ನು ಕ್ಲೇಮ್, ಅಂದರೆ ಹಣ ಕೇಳುವ ವಿಧಾನ. ಬೆಳೆ ವಿಮೆಗೂ ಇದಕ್ಕೂ ಇಲ್ಲೊಂದು ದೊಡ್ಡ ಅಂತರವಿದೆ. ಬೆಳೆ ವಿಮೆಯಲ್ಲಿ ಹೆಚ್ಚಾಗಿ ಇಡೀ ಪಂಚಾಯಿತಿಯ ಅಥವಾ ಹೋಬಳಿಯ ಸರಾಸರಿ ಇಳುವರಿ ನೋಡುತ್ತಾರೆ, ಪಕ್ಕದವರಿಗೆ ಬಂದರೆ ನಿಮಗೂ ಬರುತ್ತದೆ. ಮನೆ ವಿಮೆಯಲ್ಲಿ ನಿಮ್ಮ ಮನೆಯ ಹಾನಿಯನ್ನಷ್ಟೇ ಅಳೆಯುತ್ತಾರೆ. ಸುಮ್ಮನೆ ಕಾದರೆ ಏನೂ ಬರುವುದಿಲ್ಲ, ನೀವೇ ತಿಳಿಸಬೇಕು.

ಜೀವ, ಜನ, ದನ ಸುರಕ್ಷಿತ ಎಂದಾದ ಕೂಡಲೇ ಕಂಪನಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ಬರೆದುಕೊಳ್ಳಿ. ಬೆಂಕಿಯಾದರೆ ಅಗ್ನಿಶಾಮಕ ಠಾಣೆಗೆ, ಕಳವು ಅಥವಾ ಗಲಭೆಯಾದರೆ ಪೊಲೀಸರಿಗೆ ತಿಳಿಸಿ. ಕೆಸರು ಬಳಿಯುವ ಮೊದಲು ಗೋಡೆಯ ಮೇಲಿನ ನೀರಿನ ಗುರುತು, ಪ್ರತಿ ಕೋಣೆ, ಪ್ರತಿ ಸಾಮಾನಿನ ಫೋಟೊ ತೆಗೆಯಿರಿ. ಹಾಳಾದ ಟಿವಿ, ಹಾಸಿಗೆಗಳನ್ನು ಸರ್ವೇಯರ್ ನೋಡುವ ತನಕ ಎಸೆಯಬೇಡಿ. ಸರ್ವೇಯರ್ ಎಂದರೆ ಹಾನಿಯ ಲೆಕ್ಕ ಹಾಕಲು ಪರವಾನಗಿ ಪಡೆದ ವ್ಯಕ್ತಿ. ಅವರಿಗೆ ನೀವು ಹಣ ಕೊಡಬೇಕಿಲ್ಲ. 2024ರ ನಿಯಮದಂತೆ ಸುದ್ದಿ ಮುಟ್ಟಿದ 24 ಗಂಟೆಯೊಳಗೆ ಕಂಪನಿ ಅವರನ್ನು ನೇಮಿಸಬೇಕು. ವರದಿ 15 ದಿನದಲ್ಲಿ ಬರಬೇಕು, ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಕ್ಲೇಮ್ ಅರ್ಜಿಯನ್ನು ನೀವು 30 ದಿನದೊಳಗೆ ಕೊಡಬೇಕು. ಅದರಲ್ಲಿ ಅವಶೇಷ ತೆಗೆಸುವ ಖರ್ಚನ್ನೂ ಕೇಳಿ, ಕ್ಲೇಮ್ ಮೊತ್ತದ ಶೇ 2ರವರೆಗೆ ಸಿಗುತ್ತದೆ. ಎಂಜಿನಿಯರ್ ಶುಲ್ಕಕ್ಕೆ ಶೇ 5ರವರೆಗೆ ಉಂಟು. ಮನೆ ವಾಸಕ್ಕೆ ಬಾರದೆ ಬೇರೆಡೆ ಬಾಡಿಗೆಗೆ ಇರಬೇಕಾದರೆ ಆ ಬಾಡಿಗೆಯೂ ಪಾಲಿಸಿಯೊಳಗಿದೆ. ಇವನ್ನು ಬಹಳ ಜನ ಕೇಳುವುದೇ ಇಲ್ಲ.

ಸರ್ಕಾರದ ಪರಿಹಾರಕ್ಕೂ ಅರ್ಜಿ ಹಾಕಿ. ಆ ಪಂಚನಾಮೆಯ ನಕಲು ಇಲ್ಲೂ ಉಪಯೋಗಕ್ಕೆ ಬರುತ್ತದೆ.

ಕಂಪನಿ ‘ಇಲ್ಲ’ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಮೊದಲು ಅದೇ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಐಆರ್‌ಡಿಎಐನ ಉಚಿತ ಸಂಖ್ಯೆ 155255ಕ್ಕೆ ಫೋನ್ ಮಾಡಬಹುದು, ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮಾ ಲೋಕಪಾಲರಿಗೆ ಒಂದು ವರ್ಷದೊಳಗೆ ದೂರು ಕೊಡಿ. 50 ಲಕ್ಷ ರೂಪಾಯಿವರೆಗಿನ ತಕರಾರನ್ನು ಅವರು ಕೇಳುತ್ತಾರೆ. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ, ಕನ್ನಡದಲ್ಲೇ ಬರೆದು ಅಂಚೆಯಲ್ಲಿ ಕಳಿಸಬಹುದು. ಜೊತೆಗೆ ಪಾಲಿಸಿ, ಕ್ಲೇಮ್ ಅರ್ಜಿ, ಕಂಪನಿಯ ಪತ್ರ ಈ ಮೂರರ ನಕಲು ಇರಲಿ. ಮೂಲ ಪ್ರತಿಗಳನ್ನು ಮನೆಯ ಟ್ರಂಕಿನಲ್ಲಿ ಇಡಬೇಡಿ, ನೀರು ಮೊದಲು ತಲುಪುವುದು ಅಲ್ಲಿಗೇ. ಫೋಟೊ ತೆಗೆದು ಬೇರೆ ಊರಿನಲ್ಲಿರುವ ಮಗನಿಗೋ ಮಗಳಿಗೋ ಇಂದೇ ಕಳಿಸಿ.